ತೊಂಬತ್ತು ಜನರ ಟೂರ್ನಮೆಂಟ್ ಬಿಟ್ಟು ಕದಲಲಿಲ್ಲ: ನನ್ನ ಅನುಭವ

"ಇಷ್ಟೆಲ್ಲ ಸಾಲ್ವರ್ ತಿರುವಿ ಹಾಕಿ, ಕೊನೆಗೆ ಕೂರೋದು ಮೂರು ಡಾಲರಿನ ಟೂರ್ನಮೆಂಟಲ್ಲಾ?" ಅಂತ ನಮ್ಮ ಆನ್‌ಲೈನ್ ಪೋಕರ್ ಗುಂಪಿನ ಹಿರಿಯರೊಬ್ಬರು ಕೇಳಿದಾಗ ಉಳಿದ ನಾಲ್ವರೂ ನಕ್ಕಿದ್ದರು. (ಸಾಲ್ವರ್ ಅಂದರೆ ಸರಿಯಾದ ಆಟ ಯಾವುದು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್.) ನಾನೂ ನಕ್ಕೆ, ಬೇರೆ ಏನು ಮಾಡೋದು. ಇಪ್ಪತ್ತು ತಿಂಗಳಾಯ್ತು. ಅವತ್ತು ನಕ್ಕ ಐವರಲ್ಲಿ ಮೂವರ ಖಾತೆ ಈಗ ಖಾಲಿ, ಒಬ್ಬರು ಆಟವನ್ನೇ ಬಿಟ್ಟರು. ನನ್ನ 800 ಡಾಲರ್ ಮಾತ್ರ 2,200ರ ಹತ್ತಿರ ಬಂದು ನಿಂತಿದೆ. ಇದು ದೊಡ್ಡ ಮೊತ್ತವೇನಲ್ಲ ಅನ್ನೋದು ನನಗೂ ಗೊತ್ತು. ಆದರೆ ಈ ಸಲ ಮುಳುಗಲಿಲ್ಲ, ಅದಕ್ಕೇ ಬರೀತಿದ್ದೇನೆ.

ಮುಂಚೆ ಮುಳುಗಿದ ಲೆಕ್ಕ ಮೊದಲು ಹೇಳಿಬಿಡ್ತೀನಿ. ಮೂರು ಸಲ ಹಣ ಹಾಕಿ ಮೂರೂ ಸಲ ಕಳೆದಿದ್ದೆ, ಒಟ್ಟು 1,400 ಇರಬಹುದು. ಮೊದಲನೆಯ ಸಲ ಹಾಕಿದ್ದು 200. ಭಾನುವಾರದ ಹನ್ನೊಂದು ಡಾಲರಿನ ದೊಡ್ಡ ಟೂರ್ನಮೆಂಟ್, 2,800 ಜನ, ಮೊದಲ ಬಹುಮಾನ ನಾಲ್ಕೂವರೆ ಸಾವಿರದ ಆಸುಪಾಸು. ಹೇಗೋ ಕೊನೆಯ ಹದಿನಾಲ್ಕಕ್ಕೆ ಬಂದೆ. 22 ಬಿಗ್ ಬ್ಲೈಂಡಿನಷ್ಟು (ಸರದಿಯಂತೆ ಕಡ್ಡಾಯವಾಗಿ ಇಡಬೇಕಾದ ಪಂತ, ಹೊತ್ತು ಹೋದಂತೆ ಏರುತ್ತೆ) ಚಿಪ್ಸ್ ಕೈಯಲ್ಲಿತ್ತು, ಎಕ್ಕ-ರಾಜ ಬಂತು, ಎಲ್ಲಾ ಒಳಗೆ ಹಾಕಿ ಆಲ್-ಇನ್ ಆದೆ. ಎದುರಿಗಿದ್ದಿದ್ದು ರಾಣಿ ಜೋಡಿ. ಬೋರ್ಡಿನಲ್ಲಿ, ಅಂದರೆ ಎಲ್ಲರಿಗೂ ಸೇರಿದ ಐದು ಎಲೆಯಲ್ಲಿ, ಎರಡು ಒಂಬತ್ತು, ಒಂದು ನಾಲ್ಕು, ಒಂದು ಗುಲಾಮ, ಕೊನೆಗೆ ಒಂದು ಮೂರು. ಎಕ್ಕವೂ ಇಲ್ಲ, ರಾಜನೂ ಇಲ್ಲ. ಸಿಕ್ಕಿದ್ದು ನೂರೈವತ್ತು ಚಿಲ್ಲರೆ.

ಆ ಕೈಯನ್ನು ಗುಂಪಿನಲ್ಲಿ ಎರಡು ವಾರ ಚರ್ಚಿಸಿದೆವು. ಎಕ್ಕ-ರಾಜ ರಾಣಿ ಜೋಡಿಯ ಎದುರು ನೂರಕ್ಕೆ 43 ಸಲ ಗೆಲ್ಲುತ್ತೆ, ಅದರಲ್ಲಿ ತಪ್ಪೇನಿಲ್ಲ. ತಪ್ಪಾಗಿದ್ದು ಮರುದಿನ. ಆ ನೂರೈವತ್ತು ಸೇರಿ ಖಾತೆ 300 ದಾಟಿತ್ತು. ನಾನು 22 ಡಾಲರಿನದ್ದು ಎರಡು, 55ರದ್ದು ಒಂದು ಆಡಿದೆ, 55ರದ್ದಕ್ಕೆ ಮತ್ತೆ ಎರಡು ಸಲ ರೀ-ಎಂಟ್ರಿ (ಸೋತ ಮೇಲೆ ಮತ್ತೆ ಹಣ ಕಟ್ಟಿ ಒಳಗೆ ಹೋಗೋದು) ಬೇರೆ. ಗುರುವಾರ ಬರುವಷ್ಟರಲ್ಲಿ ಸೊನ್ನೆ. ಹದಿನಾಲ್ಕನೇ ಸ್ಥಾನದ ಕೈ ಬಗ್ಗೆ ಎರಡು ವಾರ ಮಾತಾಡಿದವರು ಸೋಮವಾರ ಒತ್ತಿದ ಆ ರಿಜಿಸ್ಟರ್ ಬಟನ್ ಬಗ್ಗೆ ಎರಡು ನಿಮಿಷವೂ ಮಾತಾಡಲಿಲ್ಲ.

ಎರಡನೆಯ ಸಲ ಬೇರೆಯವರ ಹಣದಲ್ಲಿ ಆಡಿದೆ. ಲಾಭ ಬಂದರೆ ಅರ್ಧರ್ಧ, ನಷ್ಟವಾದರೆ ಮೇಕಪ್ ಲೆಕ್ಕದಲ್ಲಿ, ಅಂದರೆ ಮುಂದೆ ಗೆದ್ದದ್ದರಲ್ಲಿ ಮೊದಲು ತೀರಿಸಬೇಕಾದ ಬಾಕಿಯಾಗಿ, ಏರುತ್ತಾ ಹೋಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಎಷ್ಟು ಟೂರ್ನಮೆಂಟ್, ಎಷ್ಟು ಟೇಬಲ್ ಅಂತ ತೀರ್ಮಾನ ಮಾಡೋದು ಹಣ ಹಾಕಿದವರು. ದಿನಕ್ಕೆ ಇಪ್ಪತ್ತು ಟೂರ್ನಮೆಂಟ್, ಒಟ್ಟಿಗೇ ಎಂಟೆಂಟು ಟೇಬಲ್. ಮೇಕಪ್ 600 ದಾಟಿದಾಗ ಒಂದು ಫೈನಲ್ ಟೇಬಲ್ ಬಂತು, 400 ಗೆದ್ದೆ, ನನ್ನ ಜೇಬಿಗೆ ಒಂದು ಪೈಸೆ ಬರಲಿಲ್ಲ. ಬಿಟ್ಟು ಬರುವಾಗ ನನ್ನದೇ 300 ಕೊಟ್ಟು ಬಂದೆ. ಮೂರನೆಯದು ಬೇಡ ಬಿಡಿ, ಮೊದಲನೆಯದೇ ಮತ್ತೆ, ದೊಡ್ಡ ಅಂಕಿಯಲ್ಲಿ.

ಆಮೇಲೆ ಒಂದು ಸಂಜೆ ಕಾಗದ ತಗೊಂಡು ಕೂತೆ. ಮೂರು ಸಾವಿರ ಜನರ ಟೂರ್ನಮೆಂಟಲ್ಲಿ, ಸರಾಸರಿ ಆಟಗಾರನಿಗಿಂತ ಎರಡು ಪಟ್ಟು ಹೆಚ್ಚು ಸಲ ಗೆಲ್ಲುವವನೂ ಮೊದಲ ಸ್ಥಾನಕ್ಕೆ ಬರೋದು 1,500 ಆಟಕ್ಕೆ ಒಂದು ಸಲ. ವಾರಕ್ಕೊಂದು ಆಡಿದರೆ ಹತ್ತಿರ ಹತ್ತಿರ 29 ವರ್ಷ. ತೊಂಬತ್ತು ಜನರದ್ದಾದರೆ 45 ಆಟಕ್ಕೆ ಒಂದು, ವಾರಕ್ಕೆ ಇಪ್ಪತ್ತೆರಡು-ಮೂರು ಆಡಿದರೆ ಎರಡು ವಾರದ ಮಾತು. ಇಷ್ಟು ಸರಳ ಲೆಕ್ಕ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. 2003ರಲ್ಲಿ ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟಿನಿಂದ (ದೊಡ್ಡ ಟೂರ್ನಮೆಂಟಿನ ಟಿಕೆಟ್ಟೇ ಬಹುಮಾನವಾಗಿರುವ ಸಣ್ಣ ಟೂರ್ನಮೆಂಟ್) ವರ್ಲ್ಡ್ ಸೀರೀಸ್ ಆಫ್ ಪೋಕರ್‌ಗೆ ಹೋಗಿ 838 ಜನರನ್ನು ಹಿಂದೆ ಹಾಕಿ 25 ಲಕ್ಷ ಡಾಲರ್ ಗೆದ್ದ ಕಥೆ ತಲೆಯಲ್ಲಿ ಕೂತಿರುವಾಗ ಈ ಲೆಕ್ಕ ಯಾರಿಗೆ ಬೇಕು?

ಹಾಗಾಗಿ ನಾನು ಮಾಡಿದ್ದು ಇಷ್ಟು. ಹೊಸ ಮಟ್ಟಕ್ಕೆ ಏರುವಾಗ ಒಂದು ಎಂಟ್ರಿ ಬ್ಯಾಂಕ್‌ರೋಲಿನ (ಆಟಕ್ಕೆ ಅಂತ ಇಟ್ಟ ಹಣದ) ಇನ್ನೂರರಲ್ಲಿ ಒಂದು ಭಾಗ ಮೀರಬಾರದು. 180 ಜನರಿಗಿಂತ ದೊಡ್ಡ ಟೂರ್ನಮೆಂಟ್ ಮುಟ್ಟಬಾರದು. 800ಕ್ಕೆ 3.30ರ ಎಂಟ್ರಿ, 1,300 ಆದ ಮೇಲೆ 5.50, 2,200 ಆದ ಮೇಲೆ 11. ಇಳಿಯೋದಕ್ಕೂ ಅಂಕಿ ಮೊದಲೇ ಬರೆದಿಟ್ಟೆ: 1,000ಕ್ಕೆ ಬಂದರೆ ವಾಪಸ್ 3.30, 1,800ಕ್ಕೆ ಬಂದರೆ ವಾಪಸ್ 5.50. ಏರುವ ಅಂಕಿ ಎಲ್ಲರೂ ಬರೆಯುತ್ತಾರೆ, ಇಳಿಯುವ ಅಂಕಿ ಯಾರೂ ಬರೆಯಲ್ಲ. ಸೊನ್ನೆಯಿಂದ ಶುರು ಮಾಡಿ 10,000 ಡಾಲರ್ ಮಾಡಿದ ವೃತ್ತಿಪರ ಆಟಗಾರ ಕ್ರಿಸ್ ಫರ್ಗುಸನ್ ಟೂರ್ನಮೆಂಟಿಗೆ ಶೇಕಡಾ ಎರಡರ ಮಿತಿ ಹಾಕಿಕೊಂಡಿದ್ದರು. ಅಂದರೆ ಐವತ್ತು ಬೈ-ಇನ್, ಐವತ್ತು ಎಂಟ್ರಿಯಷ್ಟು ಹಣ. ಅವರ ಆಟಕ್ಕೆ ಅದು ಸರಿ. ನನ್ನ ಕೆಟ್ಟ ಕಾಲದಲ್ಲಿ 5.50ರಲ್ಲೇ ಸತತ 62 ಬೈ-ಇನ್ ಇಳಿದೆ, 340 ಡಾಲರ್, ಏಳೆಂಟು ವಾರ. ಬರೀ ಐವತ್ತು ಬೈ-ಇನ್ ಇಟ್ಟುಕೊಂಡು ಕೆಳಗಿಳಿಯದೆ 5.50ರಲ್ಲೇ ಆಡಿದ್ದಿದ್ದರೆ ಹನ್ನೆರಡು ಬೈ-ಇನ್ ಮುಂಚೆಯೇ ಕಥೆ ಮುಗಿಯುತ್ತಿತ್ತು.

ಆ ಏಳೆಂಟು ವಾರದಲ್ಲಿ ನನ್ನ ಆಟ ಕೆಟ್ಟಿತ್ತಾ ಅಂತ ಹ್ಯಾಂಡ್ ಹಿಸ್ಟರಿ (ಆಡಿದ ಕೈಗಳ ದಾಖಲೆ) ಪೂರ್ತಿ ಜಾಲಾಡಿದೆ. ಸ್ವಲ್ಪ ಕೆಟ್ಟಿತ್ತು. ಬಾಕಿಯದ್ದು ಸುಮ್ಮನೆ ಲೆಕ್ಕ. ನೂರಕ್ಕೆ ಎಂಬತ್ತು ಗೆಲ್ಲುವ ಕೈಯಲ್ಲಿ ಆರು ಸಲ ಆಲ್-ಇನ್ ಆದರೆ ಆರೂ ಸಲ ಉಳಿಯುವ ಸಾಧ್ಯತೆ ನೂರಕ್ಕೆ 26 ಮಾತ್ರ. ಎಕ್ಕ ಜೋಡಿ ಹಿಡಿದು ರಾಜ ಜೋಡಿಗೆ ಸೋತಾಗ "ಅನ್ಯಾಯ" ಅಂತ ಬರೆಯುವವರೆಲ್ಲ ಈ ಗುಣಾಕಾರ ಒಮ್ಮೆ ಮಾಡಿ ನೋಡಲಿ.

ರೀ-ಎಂಟ್ರಿ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ನೋಟ್‌ಬುಕ್. ಮೊದಲ ಎಂಟ್ರಿ, ಎರಡನೆಯದು, ಮೂರನೆಯದು ಅಂತ ಬೇರೆಬೇರೆ ಸಾಲು ಹಾಕಿ ಬರೆಯುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಕೂಡಿಸಿದರೆ ಮೊದಲನೆಯದರಲ್ಲಿ ಲಾಭ, ಎರಡನೆಯದು ಸಮಸಮ, ಮೂರನೆಯದರಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕಾರಣ ಹುಡುಕೋಕೆ ಕಷ್ಟಪಡಬೇಕಿರಲಿಲ್ಲ: ಮೂರನೆಯ ಸಲ ಒಳಗೆ ಹೋಗುವ ಹೊತ್ತಿಗೆ ಬ್ಲೈಂಡ್ ಏರಿ ಅದೇ ಸ್ಟ್ಯಾಕ್ (ಕೈಯಲ್ಲಿರುವ ಚಿಪ್ಸು) ಇಪ್ಪತ್ತು ಬಿಗ್ ಬ್ಲೈಂಡಿಗೆ ಬಂದಿರುತ್ತೆ, ಮೇಲಿಂದ ನನ್ನ ತಲೆ ಕಾದಿರುತ್ತೆ. ಈಗ ಒಂದೇ ರೀ-ಎಂಟ್ರಿ, ಅದೂ ಮೂವತ್ತು ಬ್ಲೈಂಡ್ ಸಿಗುವುದಿದ್ದರೆ.

ಆಟದ ಒಳಗೆ ಬದಲಾಯಿಸಿದ್ದು ಮುಖ್ಯವಾಗಿ ಬಬಲ್, ಅಂದರೆ ಇನ್ನೊಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಅನ್ನುವ ಹಂತ. ಅಲ್ಲಿ ಐಸಿಎಂ ಬೇಕು, ಚಿಪ್ಸಿಗೆ ಬಹುಮಾನದಲ್ಲಿ ಎಷ್ಟು ಪಾಲು ಅಂತ ಹೇಳುವ ಲೆಕ್ಕ; ಆಡುವವರಿಗೆಲ್ಲ ಗೊತ್ತಿರೋದೇ. ಆದರೆ ಗೊತ್ತಿರೋದು ಬೇರೆ, ಕೈ ತಡೆಯೋದು ಬೇರೆ. ನಾನು ಒಂದೇ ಒಂದು ಉದಾಹರಣೆಯನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದೆ. ನಾಲ್ಕು ಜನ, ಎಲ್ಲರದ್ದೂ ಸಮ ಸ್ಟ್ಯಾಕ್, ಬಹುಮಾನ 50, 30, 20. ಈಗ ನನ್ನ ಪಾಲು 25. ಎದುರಿನವನ ಆಲ್-ಇನ್‌ಗೆ ಕಾಲ್ ಮಾಡಿ (ಸಮ ಹಾಕಿ) ಗೆದ್ದರೆ ಚಿಪ್ಸು ಎರಡು ಪಟ್ಟು, ಪಾಲು ಮಾತ್ರ 50 ಅಲ್ಲ, 38.3. ಅಂದರೆ ಕಾಲ್ ಮಾಡೋಕೆ ನೂರಕ್ಕೆ 65 ಸಲ ಗೆಲ್ಲುವ ಕೈ ಬೇಕು. ಎದುರಿನವನು ಕಣ್ಣು ಮುಚ್ಚಿಕೊಂಡು ಯಾವ ಎರಡು ಎಲೆಯಲ್ಲಾದರೂ ಶವ್ (ಆಲ್-ಇನ್) ಮಾಡುತ್ತಾನೆ ಅಂತ ಗೊತ್ತಿದ್ದರೂ ಬೇರೆಬೇರೆ ಬಣ್ಣದ ಎಕ್ಕ-ರಾಜ ಆ 65ರ ಗೆರೆಯ ಮೇಲೆ ಕೂರುತ್ತೆ, ಅಷ್ಟೇ. ಅವನು ಸ್ವಲ್ಪ ಆರಿಸಿ ಆಡುವವನಾದರೆ ಎಕ್ಕ-ರಾಜ ಫೋಲ್ಡ್, ಎಲೆ ಎಸೆಯೋದೇ. ಮೊದಲ ಸಲ ಹಾಗೆ ಫೋಲ್ಡ್ ಮಾಡಿದಾಗ ಬೆರಳು ನಡುಗಿತ್ತು.

ಇದರ ಇನ್ನೊಂದು ಮುಖದಲ್ಲೇ ನನ್ನ ಲಾಭದ ಬಹುಪಾಲು ಇರೋದು. ನನಗೆ 65 ಬೇಕಾದರೆ ಅವರಿಗೂ 65 ಬೇಕು. ದೊಡ್ಡ ಸ್ಟ್ಯಾಕ್ ನನ್ನದಾಗಿದ್ದಾಗ ಏಳು-ಐದರಂಥ ಸಣ್ಣ ಎಲೆ ಹಿಡಿದೂ ಆಲ್-ಇನ್ ಒತ್ತುತ್ತೇನೆ. ಯಾರ ಮೇಲೆ ಒತ್ತಬೇಕು ಅನ್ನೋದನ್ನು ಅವರು ಬಬಲಿಗೆ ಹತ್ತು ನಿಮಿಷ ಮುಂಚೆ ಏನು ಮಾಡುತ್ತಾರೆ ಅಂತ ನೋಡಿ ತೀರ್ಮಾನಿಸುತ್ತೇನೆ. ಏನನ್ನು ನೋಡುತ್ತೇನೆ ಅಂತ ಇಲ್ಲಿ ಬರೆಯಲ್ಲ, ಕ್ಷಮಿಸಿ. ಅದೇ ಮುಖಗಳು ದಿನಾ ನನ್ನ ಟೇಬಲಲ್ಲೂ ಇರುತ್ತವೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬ್ಲೈಂಡ್ ಬೇಗ ಏರುವ ಟರ್ಬೋ ಸುಮಾರು 300 ಆಡಿದೆ, ಕೊನೆಗೆ ಹಾಕಿದಷ್ಟೇ ಬಂತು, ರೇಕ್ (ಸೈಟಿನ ಕಮಿಷನ್) ಕಟ್ಟಿದ್ದೇ ಬಂತು. ಬೌಂಟಿ ಟೂರ್ನಮೆಂಟಲ್ಲಿ ನಾವು ಹೊರಗೆ ಹಾಕಿದವನ ಬೌಂಟಿಯ (ತಲೆ ಮೇಲಿನ ಬಹುಮಾನದ) ಅರ್ಧ ಕೈಗೆ, ಅರ್ಧ ನಮ್ಮ ತಲೆ ಮೇಲೆ ಸೇರುವ ಪದ್ಧತಿ ಇದೆಯಲ್ಲ, ಅದರಲ್ಲಿ ಮಂದಿ ಏನು ಬೇಕಾದರೂ ಹಿಡಿದು ಕಾಲ್ ಮಾಡುತ್ತಾರೆ. ನನ್ನ ಬಬಲ್ ಒತ್ತಡದ ಆಟ ಅಲ್ಲಿ ನಡೆಯಲೇ ಇಲ್ಲ, ಎಂಬತ್ತು ಆಟಕ್ಕೆ ಕೈ ಬಿಟ್ಟೆ. ಟೇಬಲ್ ಎಂಟರಿಂದ ನಾಲ್ಕಕ್ಕೆ ಇಳಿಸಿದ್ದು ಮಾತ್ರ ಒಳ್ಳೆಯದಾಯ್ತು.

ಸ್ಯಾಟಲೈಟಿನದ್ದು ಬೇರೆಯೇ ಕಥೆ. ಒಂದು ತಿಂಗಳು ಬರೀ ಅದನ್ನೇ ಆಡಿದೆ. ಹತ್ತು ಟಿಕೆಟ್, ಉಳಿದಿರೋದು ಹನ್ನೊಂದು ಜನ, ಚಿಪ್ಸಿನಲ್ಲಿ ನಾನು ಮೂರನೆಯವನು. ಕೊನೆಯವನ ಹತ್ತಿರ ಎರಡು ಬ್ಲೈಂಡೂ ಇಲ್ಲ. ಎರಡನೆಯವನು ಆಲ್-ಇನ್ ಅಂದ. ನನ್ನ ಕೈಯಲ್ಲಿ ಕಳಾವರ್ ಎಕ್ಕ, ಆಟೀನ್ ಎಕ್ಕ. ಫೋಲ್ಡ್ ಮಾಡಿದೆ. ಮೊದಲನೇ ಸ್ಥಾನಕ್ಕೂ ಹತ್ತನೇ ಸ್ಥಾನಕ್ಕೂ ಅದೇ ಟಿಕೆಟ್ಟಾದ ಮೇಲೆ ಎಕ್ಕ ಜೋಡಿಯಿಂದ ಗೆಲ್ಲೋಕೆ ಏನೂ ಇಲ್ಲ, ಕಳೆಯೋಕೆ ಎಲ್ಲಾ ಇದೆ. ಗುಂಪಿನಲ್ಲಿ ಆ ಸ್ಕ್ರೀನ್‌ಶಾಟ್ ಹಾಕಿದಾಗ "ಪುಕ್ಕಲ" ಅಂತ ಹೆಸರು ಬಂತು. ಎರಡು ನಿಮಿಷಕ್ಕೆ ಟಿಕೆಟ್ ಸಿಕ್ತು, 55 ಡಾಲರಿನದ್ದು. ಅಲ್ಲಿಗೆ ಹೋಗಿ ನಲವತ್ತು ನಿಮಿಷಕ್ಕೆ ಹೊರಗೆ ಬಂದೆ. ಟಿಕೆಟನ್ನು ಹಣ ಮಾಡಿಕೊಳ್ಳೋಕೆ ಆಗಲ್ಲ, ಆಡಲೇಬೇಕು. ಇನ್ನೂರರ ನಿಯಮವನ್ನು ಹಿಂಬಾಗಿಲಿಂದ ಮುರಿದ ಹಾಗೆ ಆಯ್ತು ಅಂತ ಆಮೇಲೆ ಹೊಳೆಯಿತು. ಸ್ಯಾಟಲೈಟ್ ಬಂದ್.

ಇನ್ನೊಂದು ಸಣ್ಣ ಸಂಗತಿ. ಮೂರೇ ಜನ ಉಳಿದಿದ್ದಾಗ ಇಂಟರ್ನೆಟ್ ಹೋಯ್ತು. ಒಂಬತ್ತು ನಿಮಿಷ. ವಾಪಸ್ ಬಂದರೆ 31 ಬ್ಲೈಂಡ್ ಇದ್ದಿದ್ದು ಆರಾಗಿತ್ತು. ಸಹಾಯವಾಣಿಗೆ ಬರೆದೆ, ನಿಯಮದ ಪ್ರತಿ ಕಳಿಸಿದರು. ಈಗ ಫೋನಿನ ಹಾಟ್‌ಸ್ಪಾಟ್ ಮೊದಲೇ ಆನ್ ಮಾಡಿ ಕೂರುತ್ತೇನೆ. ಅದಕ್ಕೆ ಮಾಡುವ ಖರ್ಚನ್ನೂ ನೋಟ್‌ಬುಕ್ಕಿನಲ್ಲಿ ನಷ್ಟದ ಕಡೆಗೆ ಬರೆಯುತ್ತೇನೆ.

ಡೀಲ್ ಮಾಡುವಾಗಲೂ, ಅಂದರೆ ಆಟ ಮುಗಿಯುವ ಮುಂಚೆ ಬಹುಮಾನ ಹಂಚಿಕೊಳ್ಳುವಾಗಲೂ, ಹುಷಾರು. ಒಮ್ಮೆ ಮೂವರಲ್ಲಿ ನನ್ನದು ಚಿಕ್ಕ ಸ್ಟ್ಯಾಕ್: 5,000, 3,000, ನನ್ನದು 2,000. ದೊಡ್ಡವನು ಚಿಪ್ಸಿನ ಲೆಕ್ಕದಲ್ಲಿ ಹಂಚೋಣ ಅಂದ. 50-30-20ರ ಬಹುಮಾನದಲ್ಲಿ ಎಲ್ಲರಿಗೂ 20 ತೆಗೆದಿಟ್ಟು, ಉಳಿದ 40ನ್ನು ಚಿಪ್ಸಿನಂತೆ ಹಂಚಿದರೆ ನನಗೆ 28, ಅವನಿಗೆ 40. ಐಸಿಎಂ ಪ್ರಕಾರ ನನಗೆ 28.9, ಅವನಿಗೆ 38.4. ಚಿಲ್ಲರೆ ವ್ಯತ್ಯಾಸ, ನಿಜ. ನಾನು ಒಪ್ಪಲಿಲ್ಲ. ಅವನು ಚಾಟಿನಲ್ಲಿ ಬೈದ, ಬೈದ ಮೇಲೆ ನಾಲ್ಕು ಕೈ ಕೆಟ್ಟದಾಗಿ ಆಡಿದ. ಎರಡನೇ ಸ್ಥಾನಕ್ಕೆ ಬಂದೆ.

ಒಟ್ಟು ಲೆಕ್ಕ, ನೆನಪಿನಿಂದ: 2,100 ಟೂರ್ನಮೆಂಟ್, ಸರಾಸರಿ ಎಂಟ್ರಿ ಐದು ಡಾಲರಿಗೆ ಸ್ವಲ್ಪ ಕಡಿಮೆ, ಹಾಕಿದ್ದು 10,000, ಉಳಿದಿದ್ದು 1,400. ಶೇಕಡಾ 14. ಮೊದಲ ಸ್ಥಾನ 31 ಇರಬೇಕು, ಅಂದರೆ 68 ಆಟಕ್ಕೊಂದು. ಕಾಗದದಲ್ಲಿ "ಎರಡು ಪಟ್ಟು" ಅಂತ ಬೀಗಿದ್ದೆನಲ್ಲ, ಅಷ್ಟೇನೂ ಅಲ್ಲ ನಾನು. ವಾರಕ್ಕೆ ಮೂರು ರಾತ್ರಿ, ಐದೈದು ಗಂಟೆ. ಭಾಗಿಸಿ ನೋಡಿದರೆ ಗಂಟೆಗೆ ಒಂದು ಡಾಲರಿಗಿಂತ ಒಂಚೂರು ಹೆಚ್ಚು. ಮನೆಯಲ್ಲಿ ಈ ಭಾಗಾಕಾರ ತೋರಿಸಿಲ್ಲ. ಹಿಂದೆ ಕಳೆದ 1,400 ಅಂತೂ ವಾಪಸ್ ಬಂತು.

ಹೋದ ತಿಂಗಳು ಆ ಹಿರಿಯರು ಫೋನ್ ಮಾಡಿದ್ದರು. ಕುಶಲ ಕೇಳಿದರು, ಆಮೇಲೆ ಮೆಲ್ಲಗೆ, "ಯಾವ ಹೊತ್ತಲ್ಲಿ ಆಡ್ತೀಯಪ್ಪಾ ಆ ತೊಂಬತ್ತರದ್ದು?" ಅಂದರು. ಸಂಜೆ ಹೊತ್ತು ಸಾರ್ ಅಂದೆ. ಸಂಜೆ ಅಲ್ಲ. ಹನ್ನೊಂದು ಡಾಲರಿಗೆ ಕಾಲಿಟ್ಟು ನಲವತ್ತು ಆಟ ಆಗಿದೆ, ಸದ್ಯಕ್ಕೆ ಒಂಬತ್ತು ಬೈ-ಇನ್ ಕೆಳಗಿದ್ದೇನೆ. 1,800 ಅಂತ ಬರೆದ ಚೀಟಿ ಮಾನಿಟರಿನ ಮೇಲೇ ಇದೆ.