ಗೋಲಿ, ಉಪ್ಪು, ಹಳೇ ಸಿಡಿ: ಪರಮಾಣು ಮಾದರಿಗಳನ್ನು ಮಾಡಿ ತೋರಿಸುವ ಬಗೆ

ಡಾಲ್ಟನ್‌ನ ಗಟ್ಟಿ ಗುಂಡು, ಥಾಮ್ಸನ್‌ನ ಕಲ್ಲಂಗಡಿ, ರುದರ್‌ಫೋರ್ಡ್‌ನ ಸೌರವ್ಯೂಹ, ಬೋರ್‌ನ ಉಂಗುರಗಳು. ಈ ನಾಲ್ಕು ಚಿತ್ರ ಬರೆದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ. ಒಂದು ಹೋಗಿ ಇನ್ನೊಂದು ಯಾಕೆ ಬಂತು ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಹಳೆಯ ಮಾದರಿಯನ್ನು ಕೆಡವಿದ್ದು ಪ್ರತಿ ಸಲವೂ ಒಂದು ಅಳತೆ. ಅಂಥ ಎರಡು ಅಳತೆಗಳನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು, ಖರ್ಚೂ ಹೆಚ್ಚಿಲ್ಲ.

ಡಾಲ್ಟನ್ ಮತ್ತು ಥಾಮ್ಸನ್‌ಗೆ ಹತ್ತು ನಿಮಿಷ ಸಾಕು. 1808ರ ಡಾಲ್ಟನ್‌ನ ಪರಮಾಣು ಒಡೆಯಲಾಗದ್ದು. 1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳ (ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಋಣ ತುದಿಯಿಂದ ಹೊರಡುವ ಕಿರಣಗಳು) ಆವೇಶ ಮತ್ತು ರಾಶಿಯ ಅನುಪಾತ ಅಳೆದ. ಕೊಳವೆಯೊಳಗೆ ಯಾವ ಅನಿಲ ತುಂಬಿದರೂ ಅನುಪಾತ ಒಂದೇ. ಅಂದರೆ ಎಲ್ಲ ಪರಮಾಣುವಿನೊಳಗೂ ಒಂದೇ ಬಗೆಯ ತುಣುಕು, ಅಂದರೆ ಎಲೆಕ್ಟ್ರಾನು, ಇದೆ ಎಂದಾಯಿತು. ಕಲ್ಲಂಗಡಿ ಬೀಜದ ಹೋಲಿಕೆ ಕೊಡುವಾಗ ಒಂದು ಮಾತು ಸೇರಿಸಿ: 1904ರ ಥಾಮ್ಸನ್ ಮಾದರಿಯಲ್ಲಿ ಎಲೆಕ್ಟ್ರಾನುಗಳು ಬೀಜದಂತೆ ಹುದುಗಿ ಕೂತಿರಲಿಲ್ಲ, ಧನಾವೇಶದ ಗೋಳದೊಳಗೆ ಉಂಗುರ ಉಂಗುರವಾಗಿ ಸುತ್ತುತ್ತಿದ್ದವು.

ಕಾಣದ ಗೋಲಿಯ ಅಳತೆ

ಬೇಕಾದ್ದು: 16 ಮಿ.ಮೀ. ವ್ಯಾಸದ ಒಂದೇ ಅಳತೆಯ ಹತ್ತು ಗೋಲಿ, ಸಮತಟ್ಟಾದ ಮೇಜು, ಒಂದು ದೊಡ್ಡ ರಟ್ಟು, ಅದನ್ನು ಎತ್ತಿ ನಿಲ್ಲಿಸಲು ನಾಲ್ಕು ಪುಸ್ತಕ, ಗೋಲಿ ಉರುಳಿಬಿಡಲು ವಿ ಆಕಾರಕ್ಕೆ ಮಡಿಸಿದ ರಟ್ಟಿನ ದೋಣಿ.

ಮೇಜಿನ ಮೇಲೆ 60 ಸೆಂ.ಮೀ. ಅಗಲ ಗುರುತು ಮಾಡಿ. ಅದರೊಳಗೆ ಆರು ಗೋಲಿಗಳನ್ನು ಮೇಣದಿಂದ ಅಂಟಿಸಿ. ಎದುರಿನಿಂದ ನೋಡಿದಾಗ ಪಕ್ಕಪಕ್ಕದ ಗೋಲಿಗಳ ಕೇಂದ್ರಗಳ ನಡುವೆ 3.2 ಸೆಂ.ಮೀ.ಗಿಂತ ಹೆಚ್ಚು ಅಂತರವಿರಲಿ, ಒಂದರ ಹಿಂದೆ ಇನ್ನೊಂದು ಮರೆಯಾಗದಿರಲಿ. ಮೇಲೆ ರಟ್ಟು ಮುಚ್ಚಿ. ಒಬ್ಬರು ದೋಣಿಯನ್ನು ಗೆರೆಯುದ್ದಕ್ಕೂ ಅತ್ತಿತ್ತ ಸರಿಸುತ್ತಿರಲಿ. ಬೆನ್ನು ತಿರುಗಿಸಿ ನಿಂತವರು ಚಪ್ಪಾಳೆ ತಟ್ಟಿದಾಗ ನಿಲ್ಲಿಸಿ, ಗೆರೆಗೆ ಲಂಬವಾಗಿ ಹಿಡಿದು ಗೋಲಿ ಬಿಡಲಿ. ‘ಟಕ್’ ಎಂದರೆ ಡಿಕ್ಕಿ. 200 ಸಲ ಬಿಟ್ಟು ಡಿಕ್ಕಿ ಎಣಿಸಿ.

ಲೆಕ್ಕ ಇಷ್ಟೇ: ವ್ಯಾಸ = (ಡಿಕ್ಕಿ ÷ ಒಟ್ಟು) × ಅಗಲ ÷ (2 × ಅಡಗಿದ ಗೋಲಿಗಳ ಸಂಖ್ಯೆ). 200ಕ್ಕೆ 64 ಡಿಕ್ಕಿ ಬಂದರೆ 0.32 × 60 ÷ 12 = 1.6 ಸೆಂ.ಮೀ. ಆ 2 ಎಲ್ಲಿಂದ ಬಂತು ಎಂದು ಯಾರಾದರೂ ಕೇಳಲೇಬೇಕು. ಉರುಳುವ ಗೋಲಿಗೂ ಅಷ್ಟೇ ಗಾತ್ರವಿದೆ. ಎರಡರ ಕೇಂದ್ರಗಳು ಒಂದು ವ್ಯಾಸದಷ್ಟು ಹತ್ತಿರ ಬಂದರೆ ಸಾಕು, ತಾಗುತ್ತವೆ. ಎಡಕ್ಕೊಂದು, ಬಲಕ್ಕೊಂದು ವ್ಯಾಸ ಸೇರಿ ಎರಡಾಯಿತು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮಕ್ಕಳು ಗುರಿಯಿಟ್ಟು ನಡುವಿಗೇ ಬಿಡುತ್ತಾರೆ, ಗೋಲಿಗಳು ನಡುವೆ ಹೆಚ್ಚಿದ್ದರೆ ಉತ್ತರ ದೊಡ್ಡದಾಗುತ್ತದೆ. ಒಂದೇ ಗೋಲಿ ಎರಡಕ್ಕೆ ತಾಗಿ ಎರಡು ಸದ್ದು ಮಾಡಿದರೆ ಎರಡೆಂದು ಎಣಿಸುತ್ತಾರೆ, ಅದು ಒಂದೇ ಡಿಕ್ಕಿ. ಇನ್ನು ಐವತ್ತಕ್ಕೇ ಬೇಸತ್ತು ನಿಲ್ಲಿಸುವುದು: 50 ಸಲಕ್ಕೆ ಉತ್ತರದಲ್ಲಿ ಸುಮಾರು 20 ಶೇಕಡಾ ಏರುಪೇರು ಸಹಜ, 200ಕ್ಕೆ ಅದು 10ಕ್ಕೆ ಇಳಿಯುತ್ತದೆ.

ಇದಾದ ಮೇಲೆ ಮ್ಯಾಂಚೆಸ್ಟರ್‌ನ ಕತೆ ಹೇಳಿ. 1909ರಲ್ಲಿ ಗೈಗರ್ ಮತ್ತು ಮಾರ್ಸ್ಡೆನ್ ಲೋಹದ ಹಾಳೆಗೆ ಆಲ್ಫಾ ಕಣಗಳನ್ನು (ವಿಕಿರಣಶೀಲ ವಸ್ತು ಸೂಸುವ ಧನಾವೇಶದ ಕಣಗಳು) ಬಿಟ್ಟು, ಕತ್ತಲಲ್ಲಿ ಕೂತು, ಸತುವಿನ ಸಲ್ಫೈಡ್ ಪರದೆಯ ಮೇಲಿನ ಮಿನುಗುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಸುಮಾರು 8000ಕ್ಕೆ ಒಂದು ಆಲ್ಫಾ ಕಣ ಹಿಂದಕ್ಕೆ ಚಿಮ್ಮಿತ್ತು. ಎಲ್ಲರೂ ಚಿನ್ನದ ಹಾಳೆಗೆ ಅಂಟಿಸುವ ಈ ಸಂಖ್ಯೆ ನಿಜಕ್ಕೆ ಪ್ಲಾಟಿನಂನದು. 1911ರಲ್ಲಿ ರುದರ್‌ಫೋರ್ಡ್ ಇದನ್ನು ಬಿಡಿಸಿದಾಗ ಆವೇಶವೆಲ್ಲ ನಡುವಿನ ಚುಕ್ಕೆಯಲ್ಲಿದೆ ಎಂದನೇ ಹೊರತು, ಅದು ಧನವೋ ಋಣವೋ ಎಂದು ಆ ಲೆಕ್ಕದಿಂದ ಹೇಳಲಾಗಲಿಲ್ಲ. ನಮ್ಮ ಗೋಲಿಗಳು ತಾಗಿದ ಮೇಲೆ ತಿರುಗುತ್ತವೆ, ಆಲ್ಫಾ ಕಣ ತಾಗದೆಯೇ ವಿಕರ್ಷಣೆಯಿಂದ ತಿರುಗುತ್ತದೆ. ಈ ವ್ಯತ್ಯಾಸ ಮುಚ್ಚಿಡಬೇಡಿ. ಅಳತೆಯ ಅಂದಾಜಿಗೆ: ಚಿನ್ನದ ನ್ಯೂಕ್ಲಿಯಸ್ (ನಡುವಿನ ಆ ಚುಕ್ಕೆ) ಒಂದೂವರೆ ಮಿ.ಮೀ. ರಾಗಿಕಾಳಿನಷ್ಟಾದರೆ ಪರಮಾಣು ಸುಮಾರು 30 ಮೀಟರ್ ಅಗಲವಾಗುತ್ತದೆ. ಕಾಳನ್ನು ಮೈದಾನದ ನಡುವೆ ಇಟ್ಟು 15 ಮೀಟರ್ ನಡೆಸಿ.

ಸುತ್ತುವ ಎಲೆಕ್ಟ್ರಾನು ಬೆಳಕು ಸೂಸುತ್ತ ಒಳಗೆ ಬಿದ್ದುಹೋಗಬೇಕಲ್ಲ ಎಂಬ ತಕರಾರು ಉಳಿಯಿತು. ಉತ್ತರ ಬೆಳಕಿನಲ್ಲೇ ಇತ್ತು.

ಸಿಡಿ ರೋಹಿತದರ್ಶಕ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಡಬ್ಬಿ)

ಬರೆಯಬಹುದಾದ ಸಿಡಿಯ ಲೇಬಲ್ ಬದಿಗೆ ಗೀರು ಹಾಕಿ, ಅಗಲದ ಟೇಪು ಒತ್ತಿ ಎಳೆಯಿರಿ. ಹೊಳಪಿನ ಪದರ ಕಿತ್ತು ಬರುತ್ತದೆ. ಉಳಿದ ಪಾರದರ್ಶಕ ತಟ್ಟೆಯ ಹೊರ ಅಂಚಿನಿಂದ 2 ಸೆಂ.ಮೀ. ಚೌಕ ಕತ್ತರಿಸಿ, ಅಲ್ಲಿ ಗೆರೆಗಳು ಹೆಚ್ಚು ನೇರ. ಒಳಗೆ ಕಪ್ಪು ಬಳಿದ 20 ಸೆಂ.ಮೀ. ಉದ್ದದ ಡಬ್ಬಿಯ ಒಂದು ಗೋಡೆಯಲ್ಲಿ ನೋಡಲು ಕಿಂಡಿ ಕೊರೆದು, ಅದರ ಮೇಲೆ ಅಂಟಿಸಿ. ಎದುರು ಗೋಡೆಯಲ್ಲಿ, ಒಂದು ಬದಿಗೆ ಸರಿಸಿ, ಎರಡು ಬ್ಲೇಡಿನ ಅಂಚುಗಳ ನಡುವೆ ಕಾಗದದ ದಪ್ಪದ ಸೀಳು ಬಿಡಿ. ತುಂಡನ್ನು ಸೀಳಿಗೆ ನೇರ ಎದುರಾಗಿಯೇ ಇಡಿ. ಸೀಳಿನ ಪಕ್ಕಕ್ಕೆ 11 ಸೆಂ.ಮೀ. ಅಳತೆಪಟ್ಟಿ ಹಚ್ಚಿ. ಸಿಡಿಯ ಗೆರೆ ಮತ್ತು ಸೀಳು ಸಮಾಂತರವಿಲ್ಲದಿದ್ದರೆ ಬಣ್ಣದ ಪಟ್ಟಿ ಓರೆಯಾಗಿ ಅಳತೆಪಟ್ಟಿಯಿಂದ ಆಚೆ ಹೋಗುತ್ತದೆ. ತುಂಡನ್ನು ತಿರುಗಿಸಿ ಸರಿಮಾಡಿ.

ಸಿಡಿಯ ಗೆರೆಗಳ ಅಂತರ 1600 ನ್ಯಾನೋಮೀಟರ್. ಸಿಎಫ್ಎಲ್ ಬಲ್ಬಿಗೆ ಹಿಡಿದಾಗ ಪಾದರಸದ ನೀಲಿ ಗೆರೆ (ತರಂಗದೂರ 435.8 ನ್ಯಾನೋಮೀಟರ್) ಸೀಳಿನಿಂದ 5.7 ಸೆಂ.ಮೀ. ದೂರದಲ್ಲಿ ಕಂಡರೆ ಡಬ್ಬಿ ಸರಿಯಿದೆ. ಓದುವುದರಲ್ಲಿ 1 ಮಿ.ಮೀ. ತಪ್ಪಿದರೆ ಆರೇಳು ನ್ಯಾನೋಮೀಟರ್ ತಪ್ಪುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಗೆರೆ ಹುಡುಕಬೇಡಿ, ಬರೀ ಹರಡಿದ ಪಟ್ಟಿ ಕಾಣುತ್ತದೆ. ಸೂರ್ಯನಿಗಂತೂ ಹಿಡಿಯಲೇಬೇಡಿ.

ಈಗ ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಉಪ್ಪುನೀರಿನಲ್ಲಿ ಅದ್ದಿದ ಸ್ಟೀಲ್ ಚಮಚ ಹಿಡಿಯಿರಿ. ಕೋಣೆ ಕತ್ತಲಿರಲಿ, ಹಿಡಿಕೆಗೆ ಬಟ್ಟೆ ಸುತ್ತಿರಲಿ. 7.9 ಸೆಂ.ಮೀ. ಹತ್ತಿರ ಒಂಟಿ ಹಳದಿ ಗೆರೆ: ಸೋಡಿಯಂ, 589. ಹೈಡ್ರೋಜನ್ನಿಗೆ ಇಂಥ ನಾಲ್ಕು ಗೆರೆ ಕಣ್ಣಿಗೆ ಕಾಣುತ್ತವೆ: 656, 486, 434, 410. 1885ರಲ್ಲಿ ಬಾಲ್ಮರ್ ಕಂಡುಕೊಂಡ ಸೂತ್ರ 364.56 × n² ÷ (n² − 4). n ಜಾಗದಲ್ಲಿ 3, 4, 5, 6 ಹಾಕಿ ಮಕ್ಕಳೇ ಕ್ಯಾಲ್ಕುಲೇಟರ್ ಒತ್ತಲಿ. ಈ ಸೂತ್ರ ಯಾಕೆ ಸರಿಹೋಗುತ್ತದೆ ಎಂದು 28 ವರ್ಷಗಳ ನಂತರ, 1913ರಲ್ಲಿ ಬೋರ್ ವಿವರಿಸಿದ: ಎಲೆಕ್ಟ್ರಾನಿಗೆ ಕೆಲವೇ ಮೆಟ್ಟಿಲು, ಮೇಲಿನದರಿಂದ ಎರಡನೆಯದಕ್ಕೆ ಇಳಿದಾಗ ಈ ಬೆಳಕು.

ಆದರೆ ಉಪ್ಪಿನ ಆ ಹಳದಿ ಗೆರೆಯನ್ನು ಬೋರ್‌ನ ಲೆಕ್ಕ ಹೇಳಲಾರದು. ಒಳ್ಳೆಯ ಉಪಕರಣದಲ್ಲಿ ಅದು ಒಂದಲ್ಲ, ಎರಡು: 589.0 ಮತ್ತು 589.6. ನಮ್ಮ ಡಬ್ಬಿಗೆ ಅಷ್ಟು ಕಣ್ಣಿಲ್ಲ. ಆ ಜೋಡಿಗೆ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದಕ್ಕಿರುವ ತಿರುಗುವಿಕೆಯಂಥ ಒಂದು ಗುಣ, ಬೇಕಾಯಿತು (1925), ಉಂಗುರಗಳ ಜಾಗಕ್ಕೆ ಶ್ರೋಡಿಂಗರ್‌ನ ತರಂಗ ಬಂತು (1926).

ಕೊನೆಯದಾದ ಈ ತರಂಗವನ್ನು, ಅಂದರೆ ಎಲೆಕ್ಟ್ರಾನು ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು, ರಾಗಿಯಲ್ಲೇ ತೋರಿಸಿ ಮುಗಿಸಿ. ಕಾಗದದ ಮೇಲೆ 1 ಸೆಂ.ಮೀ. ಅಂತರದ ವೃತ್ತಗಳನ್ನು ಬರೆದು, ಕೇಂದ್ರದ ಮೇಲೆ ಅರ್ಧ ಮೀಟರ್ ಎತ್ತರದಿಂದ ಒಂದೊಂದೇ ಕಾಳು ಬಿಡಿ. ಕೆಳಗೆ ಮೆತ್ತನೆ ಬಟ್ಟೆ ಹಾಸದಿದ್ದರೆ ಪುಟಿದು ಲೆಕ್ಕ ಹಾಳು. ದಟ್ಟಣೆ ನಡುವಲ್ಲೇ ಹೆಚ್ಚು, ಆದರೆ ಪಟ್ಟಿಪಟ್ಟಿಯಾಗಿ ಎಣಿಸಿದರೆ ಅತಿ ಹೆಚ್ಚು ಕಾಳು ಸಾಮಾನ್ಯವಾಗಿ ನಡುವಿನಿಂದ ಆಚೆಯ ಪಟ್ಟಿಯಲ್ಲಿ, ಯಾಕೆಂದರೆ ಅದರ ವಿಸ್ತೀರ್ಣ ದೊಡ್ಡದು. ಹೈಡ್ರೋಜನ್ನಿನಲ್ಲಿ ಈ ‘ಹೆಚ್ಚು ಕಾಳಿನ ದೂರ’ 52.9 ಪಿಕೋಮೀಟರ್, ಬೋರ್‌ನ ಮೊದಲ ಉಂಗುರದ ತ್ರಿಜ್ಯವೂ ಅಷ್ಟೇ.