ಮೂಗಿ ಪೆಟ್ಟಿಗೆಗೆ ಸದ್ದು ಬರಿಸಿದ್ದು

ಸಂಗೀತ ನುಡಿಸುವ ಕೀಬೋರ್ಡ್ ಬಂದಿದ್ದು ಜುಲೈನಲ್ಲಿ. ಸೋಮವಾರಪೇಟೆ ಕಡೆ ಆಗ ಮಳೆ ಬಿಡುವುದೇ ಇಲ್ಲ. ತೋಟದಲ್ಲಿ ಕೆಲಸ ಕಮ್ಮಿ, ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಕೊರಿಯರ್‌ನವನು ನಮ್ಮ ಇಳಿಜಾರಿಗೆ ಬೈಕ್ ಇಳಿಸಲು ಒಪ್ಪಲಿಲ್ಲ. ಕೊಡೆ ಹಿಡಿದು ಮೇಲಿನ ರಸ್ತೆಗೆ ಹೋಗಿ, ಪೆಟ್ಟಿಗೆಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ತಂದೆ. 25 ಕೀ, ಬೆರಳಲ್ಲಿ ಬಾರಿಸುವ ಎಂಟು ಪ್ಯಾಡ್, ತಿರುಗಿಸುವ ಎಂಟು ನಾಬ್. ಯುಎಸ್‌ಬಿ ವೈರ್ ಚುಚ್ಚಿದೆ. ದೀಪ ಹತ್ತಿತು. ಒತ್ತಿದೆ. ಸದ್ದಿಲ್ಲ.

ಅಡುಗೆಮನೆಯಿಂದಲೇ ಅಮ್ಮ ಕೇಳಿದರು, "ಅಷ್ಟು ದುಡ್ಡು ಕೊಟ್ಟು ಮೂಗಿ ಪೆಟ್ಟಿಗೆ ತಂದ್ಯಾ?"

ಅಮ್ಮ ಹೇಳಿದ್ದು ಸರಿಯೇ. ಇಂಥ ಕೀಬೋರ್ಡಿಗೆ ಮಿಡಿ ಕಂಟ್ರೋಲರ್ ಅನ್ನುತ್ತಾರೆ, ಅದರ ಒಳಗೆ ಸದ್ದು ಅನ್ನೋದೇ ಇರುವುದಿಲ್ಲ. ಕೀ ಒತ್ತಿದಾಗ ಅದು ಕಂಪ್ಯೂಟರಿಗೆ ಒಂದು ಚೀಟಿ ಕಳಿಸುತ್ತದೆ: ಯಾವ ಕೀ, ಎಷ್ಟು ಜೋರು. ಎರಡೂ 0ಯಿಂದ 127ರ ಒಳಗಿನ ಅಂಕಿ. ಬೆರಳು ಎತ್ತಿದಾಗ ಇನ್ನೊಂದು ಚೀಟಿ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡಲಿ ಅಂತ 1983ರಲ್ಲಿ ಮಾಡಿಕೊಂಡ ಏರ್ಪಾಡು ಈ ಮಿಡಿ. ಚೀಟಿ ಓದಿ ಸದ್ದು ಮಾಡುವ ಕೆಲಸ ಸಾಫ್ಟ್‌ವೇರಿನದು. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ನನಗೆ ಎರಡು ದಿನ ಉಳಿಯುತ್ತಿತ್ತು.

ನಾನು ಹಾಕಿಕೊಂಡಿದ್ದು ರೀಪರ್ ಅನ್ನುವ, ಸಂಗೀತ ರೆಕಾರ್ಡ್ ಮಾಡುವ ಸಾಫ್ಟ್‌ವೇರ್. 60 ದಿನ ಬಳಸಿ ನೋಡಿ ಆಮೇಲೆ ಕೊಳ್ಳಬಹುದು, ಹಳೇ ಲ್ಯಾಪ್‌ಟಾಪಿಗೂ ಭಾರವಲ್ಲ. ಸದ್ದಿಗೆ ಸರ್ಜ್ ಎಕ್ಸ್‌ಟಿ ಅನ್ನುವ ಪುಕ್ಕಟೆ ಸಿಂಥ್, ಅಂದರೆ ರೀಪರ್ ಒಳಗೆ ಕೂತು ಸದ್ದು ಹುಟ್ಟಿಸುವ ಪ್ಲಗಿನ್. ರೀಪರ್ ಪ್ರಿಫರೆನ್ಸಸ್‌ನಲ್ಲಿ ಮಿಡಿ ಪಟ್ಟಿಗೆ ಹೋಗಿ ಕೀಬೋರ್ಡ್ ಹೆಸರನ್ನು ಎನೇಬಲ್ ಮಾಡಬೇಕು. ಹೊಸ ಟ್ರ್ಯಾಕ್ ತೆಗೆದು, ಅದಕ್ಕೆ ಸರ್ಜ್ ಸೇರಿಸಿ, ಅದರ ಇನ್‌ಪುಟ್ಟನ್ನು ಮಿಡಿಗೆ ಬದಲಿಸಿ, ರೆಕಾರ್ಡಿನ ಕೆಂಪು ಬಟನ್ ಒತ್ತಿ, ನುಡಿಸಿದ್ದು ಆಗಲೇ ಕೇಳಲು ಮಾನಿಟರಿಂಗ್ ಆನ್ ಮಾಡಬೇಕು. ಇದರಲ್ಲಿ ಒಂದು ಬಿಟ್ಟರೂ ಮೌನ. ನನಗೆ ಎಲ್ಲ ಸರಿಯಿದ್ದರೂ ಕೀಬೋರ್ಡ್ ತೆರೆಯಲೇ ಇಲ್ಲ. ನೋಡಿದರೆ ಪ್ಯಾಡಿನ ಸೆಟ್ಟಿಂಗ್ ಬದಲಿಸುವ ಇನ್ನೊಂದು ಸಾಫ್ಟ್‌ವೇರನ್ನು ಮುಚ್ಚಿರಲಿಲ್ಲ, ಅದು ಕೀಬೋರ್ಡನ್ನು ಹಿಡಿದುಕೊಂಡಿತ್ತು. ನನ್ನ ವಿಂಡೋಸ್ 10ರಲ್ಲಿ ಒಂದು ಮಿಡಿ ಸಾಧನವನ್ನು ಒಮ್ಮೆಗೆ ಒಂದೇ ಸಾಫ್ಟ್‌ವೇರ್ ಹಿಡಿಯಬೇಕು. ಅದನ್ನು ಮುಚ್ಚಿದ ಮೇಲೆ ಸದ್ದು ಬಂತು.

ಬಂತು, ಆದರೆ ತಡವಾಗಿ.

ಎದುರು ಗುಡ್ಡದಲ್ಲಿ ಯಾರಾದರೂ ಸೌದೆ ಒಡೆಯುವುದನ್ನು ನೋಡಿದ್ದೀರಾ? ಕೊಡಲಿ ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ. ಹಾಗಿತ್ತು ನನ್ನ ಕೀಬೋರ್ಡ್. ಮೊದಲ ತಪ್ಪು, ನಾನು ಹಾಕಿಕೊಂಡಿದ್ದ ಬ್ಲೂಟೂತ್ ಹೆಡ್‌ಫೋನ್. ಹಾಡು ಕೇಳಲು ಅದು ಸಾಕು, ನುಡಿಸಲು ಆಗದು. ಅದೊಂದೇ 100 ಮಿಲಿಸೆಕೆಂಡಿಗೂ ಜಾಸ್ತಿ ತಿನ್ನುತ್ತದೆ. ವೈರಿನ ಹೆಡ್‌ಫೋನ್ ಚುಚ್ಚಿದೆ, ಅರ್ಧ ಕಷ್ಟ ಕಳೆಯಿತು.

ಉಳಿದ ಅರ್ಧ ಬಫರ್. ಕಂಪ್ಯೂಟರ್ ಸದ್ದನ್ನು ಒಂದೊಂದೇ ತೊಟ್ಟಾಗಿ ಕೊಡುವುದಿಲ್ಲ, ಕೊಡ ತುಂಬಿಸಿ ಕೊಡುತ್ತದೆ. ಕೊಡ ದೊಡ್ಡದಾದಷ್ಟೂ ಕಾಯಬೇಕು. ಈ ತೊಟ್ಟಿಗೆ ಸ್ಯಾಂಪಲ್ ಅನ್ನುತ್ತಾರೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 1024ರ ಕೊಡ ತುಂಬಲು ಸುಮಾರು 23 ಮಿಲಿಸೆಕೆಂಡ್, 512ಕ್ಕೆ 11.6, 128ಕ್ಕೆ 3ರ ಒಳಗೆ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 512ರಲ್ಲಿ ನುಡಿಸುವುದು ಅಂದರೆ ನಾಲ್ಕು ಮೀಟರ್ ಆಚೆ ಇಟ್ಟ ವಾದ್ಯ ನುಡಿಸಿದ ಹಾಗೆ. ಎಳೆದು ನುಡಿಸುವ ಸದ್ದಿಗೆ ಅಡ್ಡಿಯಿಲ್ಲ, ತಾಳಕ್ಕೆ ಕಿರಿಕಿರಿ. ಹಾಗಂತ 64ಕ್ಕೆ ಇಳಿಸಿದರೆ ನನ್ನ ಲ್ಯಾಪ್‌ಟಾಪ್ ಕೊಡ ತುಂಬಿಸಲಾಗದೆ ಸದ್ದೆಲ್ಲ ಪಟಪಟ ಒಡೆಯಿತು. ಬೇರೆ ಸೌಂಡ್ ಕಾರ್ಡ್ ಕೊಳ್ಳುವ ದುಡ್ಡಿರಲಿಲ್ಲ. ಏಸಿಯೋ-ಫೋರ್-ಆಲ್ ಅನ್ನುವ ಪುಕ್ಕಟೆ ಡ್ರೈವರ್ ಹಾಕಿ 256ರಲ್ಲಿ ನಿಂತೆ. ಅದು ನಡೆಯುವಾಗ ಬ್ರೌಸರಿನ ಸದ್ದು ಬರುವುದಿಲ್ಲ. ನನಗೇನೂ ಬೇಜಾರಿಲ್ಲ, ಪಾಠದ ವೀಡಿಯೋ ನೋಡುತ್ತಾ ಕೂರುವ ಚಟ ಕಮ್ಮಿಯಾಯಿತು.

ಇನ್ನು ಕರೆಂಟಿನ ಕಥೆ. ಚಾರ್ಜರ್ ಹಾಕಿದರೆ ಹೆಡ್‌ಫೋನಿನಲ್ಲಿ ಜೀರುಂಡೆಯ ಹಾಗೆ ಗುಂಯ್ ಅನ್ನುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು. ನಮ್ಮ ಹಳೇ ಮನೆಯ ಆ ಕೋಣೆಯ ಪ್ಲಗ್ಗಿಗೆ ಅರ್ತಿಂಗೇ ಇರಲಿಲ್ಲ. ಸರಿ, ಬ್ಯಾಟರಿಯಲ್ಲೇ ನುಡಿಸೋಣ ಅಂದರೆ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ತಾನೇ ನಿಧಾನವಾಗಿ, ಮತ್ತೆ ಪಟಪಟ. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಇಟ್ಟೆ, ಯುಎಸ್‌ಬಿಯನ್ನು ಮಲಗಿಸುವ ಸೆಟ್ಟಿಂಗ್ ಆಫ್ ಮಾಡಿದೆ. ಬ್ಯಾಟರಿ ಎರಡು ಗಂಟೆ ಬಾರದು, ಆದರೆ ಸದ್ದು ಶುದ್ಧ. ಎಲೆಕ್ಟ್ರಿಷಿಯನ್ ಮಳೆ ನಿಂತ ಮೇಲೆ ಬರುತ್ತೇನೆ ಅಂದ, ಸೆಪ್ಟೆಂಬರಿನಲ್ಲಿ ಬಂದ. ಅರ್ತ್ ಹಾಕಿದ ದಿನವೇ ಜೀರುಂಡೆ ಹೋಯಿತು.

ಒಂದು ರಾತ್ರಿ ಒಂದೇ ಸ್ವರ ನಿಲ್ಲದೆ ಕೂಗತೊಡಗಿತು. ಕೀ ಬಿಟ್ಟರೂ ನಿಲ್ಲದು. ಅಗ್ಗದ ಯುಎಸ್‌ಬಿ ಹಬ್ಬಿಗೆ ಮೌಸ್, ಪೆನ್‌ಡ್ರೈವ್, ಕೀಬೋರ್ಡ್ ಎಲ್ಲ ಸಿಕ್ಕಿಸಿದ್ದೆ. ನಡುವೆ ಕೀಬೋರ್ಡ್ ಸಂಪರ್ಕ ತಪ್ಪಿ, ಒತ್ತಿದ ಚೀಟಿ ಹೋಗಿತ್ತು, ಎತ್ತಿದ ಚೀಟಿ ಹೋಗಿರಲಿಲ್ಲ. ಸಾಫ್ಟ್‌ವೇರಿಗೆ ನನ್ನ ಬೆರಳು ಇನ್ನೂ ಕೀ ಮೇಲೇ ಇದೆ. ರೀಪರಿನಲ್ಲಿ ಎಲ್ಲ ಸ್ವರ ನಿಲ್ಲಿಸುವ ಆಜ್ಞೆಯಿದೆ, ಅದಕ್ಕೊಂದು ಕೀ ಗೊತ್ತುಮಾಡಿಕೊಂಡೆ. ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಇನ್ನು, ಸ್ವರ ಎಳೆದು ನಿಲ್ಲಿಸಲು ಕಾಲಲ್ಲಿ ಒತ್ತುವ ಪೆಡಲ್ ಉಲ್ಟಾ ಕೆಲಸ ಮಾಡಿದರೆ ಗಾಬರಿ ಬೇಡ. ತುಂಬ ಕೀಬೋರ್ಡುಗಳು ಆನ್ ಆಗುವ ಹೊತ್ತಿಗೆ ಪೆಡಲ್ ಹೇಗಿದೆ ಅಂತ ನೋಡಿಕೊಳ್ಳುತ್ತವೆ. ಕಾಲು ತೆಗೆದು ಆನ್ ಮಾಡಿ.

ಇಷ್ಟೆಲ್ಲ ಒದ್ದಾಡಿದ್ದು ಪಿಯಾನೋಗೆ ಅಲ್ಲ, ದುಡಿಗೆ. ಸುಗ್ಗಿಯ ಹಬ್ಬ ಪುತ್ತರಿ ಹೊತ್ತಿಗೆ ಕೊಡವರ ಮನೆಗಳಲ್ಲಿ ದುಡಿ ಬಾರಿಸುತ್ತಾ ಹಾಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಎಡಗೈಯಲ್ಲಿ ಹಿಡಿದು ಕೋಲಿನಿಂದ ಬಾರಿಸುವ, ನಡು ಸಣ್ಣಗಿರುವ ಪುಟ್ಟ ವಾದ್ಯ. ಅದರ ಸದ್ದು ಯಾವ ಪ್ಲಗಿನ್ನಿನಲ್ಲೂ ನನಗೆ ಸಿಗಲಿಲ್ಲ. ಗೆಳೆಯನ ಅಜ್ಜನ ಹತ್ತಿರ ಒಂದಿತ್ತು. ಆಗಸ್ಟಿನಲ್ಲಿ ಫೋನ್ ಹಿಡಿದು ಹೋದೆ. ಅವರ ಮನೆಗೆ ಶೀಟಿನ ಮಾಡು. ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳದು. ಎರಡು ಗಂಟೆ ಕಾಫಿ ಕುಡಿಯುತ್ತಾ ಕಾದೆವು. ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಅಜ್ಜ ಮೆಲ್ಲಗೆ, ಸಾಧಾರಣ, ಜೋರು, ಹೀಗೆ ಮೂರು ಬಗೆಯ ಪೆಟ್ಟು ಕೊಟ್ಟರು.

ಮನೆಗೆ ಬಂದು ಪೆಟ್ಟುಗಳನ್ನು ಕತ್ತರಿಸಿದೆ. ರೆಕಾರ್ಡ್ ಮಾಡಿದ ಸದ್ದನ್ನು ಕೀಗೆ ಕಟ್ಟುವ ಸ್ಯಾಂಪ್ಲರ್ ರೀಪರಿನ ಜೊತೆಗೇ ಬರುತ್ತದೆ, ಅದನ್ನು ಒಂದೇ ಟ್ರ್ಯಾಕಿನಲ್ಲಿ ಮೂರು ಸಲ ಹಾಕಿ ಒಂದೊಂದಕ್ಕೆ ಒಂದೊಂದು ಪೆಟ್ಟು ಕೊಟ್ಟೆ. ಮೂರಕ್ಕೂ ಪ್ಯಾಡಿನ ಅದೇ ನೋಟ್ ನಂಬರ್, ನನ್ನದರಲ್ಲಿ 36. ಎಷ್ಟು ಜೋರು ಅನ್ನುವ ಅಂಕಿ, ಅಂದರೆ ವೆಲಾಸಿಟಿ, ಅದನ್ನು ಮಾತ್ರ ಹಂಚಿದೆ: 50ರ ತನಕ ಮೆಲ್ಲಗಿನ ಪೆಟ್ಟು, 51ರಿಂದ 95 ಸಾಧಾರಣ, ಮೇಲಿನದು ಜೋರು. ನೋಟ್-ಆಫ್, ಅಂದರೆ ಬೆರಳು ಎತ್ತಿದ ಚೀಟಿ, ಅದನ್ನು ಪಾಲಿಸುವ ಟಿಕ್ ಇದ್ದರೆ ತೆಗೆಯಬೇಕು, ಇಲ್ಲದಿದ್ದರೆ ಬೆರಳು ಎತ್ತಿದ ಕೂಡಲೇ ಸದ್ದಿನ ಬಾಲ ತುಂಡಾಗುತ್ತದೆ. ಸ್ವರದ ಹೆಸರು ನಂಬಬೇಡಿ, ನಂಬರ್ ನೋಡಿ. 60ನೇ ನೋಟನ್ನು ನನ್ನ ಕೀಬೋರ್ಡಿನ ಪುಸ್ತಕ ಸಿ3 ಅನ್ನುತ್ತದೆ, ರೀಪರ್ ಸಿ4 ಅನ್ನುತ್ತದೆ. ಒಂದು ಸಂಜೆ ಇದರಲ್ಲೇ ಹಾಳಾಯಿತು. ಪ್ಯಾಡ್ ಕೂಡ ಗಟ್ಟಿ, ಮೊದಮೊದಲು ಎಷ್ಟು ಗುದ್ದಿದರೂ 80 ದಾಟಲಿಲ್ಲ. ಎಷ್ಟು ಗುದ್ದಿದರೆ ಎಷ್ಟು ಅಂಕಿ ಅಂತ ಗೊತ್ತುಮಾಡುವ ವೆಲಾಸಿಟಿ ಕರ್ವ್ ಮೆದು ಮಾಡಿದ ಮೇಲೆ ಕೈ ನೋವು ಹೋಯಿತು.

ಲ್ಯಾಪ್‌ಟಾಪನ್ನೂ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿ ಅಜ್ಜನಿಗೆ ಕೇಳಿಸಿದೆ. ಅವರು ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದರು, ತಾವೇ ಒಂದು ಬೆರಳಲ್ಲಿ ನಾಲ್ಕು ಸಲ ಬಾರಿಸಿದರು.

"ಚರ್ಮ ತಂಡಿ ಹಿಡಿದಿದೆ ಮಗಾ, ಕೇಳೋದಿಲ್ವಾ? ಅವತ್ತು ಒಲೆ ಹತ್ತಿರ ಇಟ್ಟು ಬಿಸಿ ಮಾಡ್ಬೇಕಿತ್ತು. ನಿನ್ನ ಆತುರಕ್ಕೆ ಹಾಗೇ ಬಾರಿಸಿದೆ. ಪುತ್ತರಿ ಆದ ಮೇಲೆ ಬಾ, ಬಿಸಿಲಿರುತ್ತೆ."