‘ಇಂದಿನ ಆಧುನಿಕ ಯುಗದಲ್ಲಿ’ ಎನ್ನದೆ ಪೀಠಿಕೆ ಬರೆಸುವುದು ಹೇಗೆ?

ಏಳನೇ ತರಗತಿಯ ಪ್ರಬಂಧದ ಪುಸ್ತಕಗಳನ್ನು ತೆರೆದರೆ ಅರ್ಧಕ್ಕರ್ಧ ಪೀಠಿಕೆಗಳು ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಶುರುವಾಗುತ್ತವೆ. ತಪ್ಪು ಮಕ್ಕಳದ್ದಲ್ಲ, ನಾವು ಕೊಡುವ ಶೀರ್ಷಿಕೆಯದು. ‘ಪ್ಲಾಸ್ಟಿಕ್‌ನ ದುಷ್ಪರಿಣಾಮಗಳು’ ಎಂದರೆ ವಾದಿಸಲು ಏನೂ ಉಳಿಯುವುದಿಲ್ಲ, ತೀರ್ಪು ಶೀರ್ಷಿಕೆಯಲ್ಲೇ ಬಂದಿದೆ. ‘ಮಹತ್ವ’ ಎಂದು ಮುಗಿಯುವ ಶೀರ್ಷಿಕೆಗಳ ಗತಿಯೂ ಅದೇ.

ಹಾಗಾಗಿ ಮೊದಲು ಶೀರ್ಷಿಕೆಯನ್ನು ಜಗಳವಾಗಬಲ್ಲ ಪ್ರಶ್ನೆಯಾಗಿ ತಿರುಗಿಸಿ: ‘ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಚಾಕೊಲೇಟ್ ಹಂಚುವುದು ನಿಲ್ಲಬೇಕೇ?’ ಐದು ನಿಮಿಷ ಬಾಯಿಮಾತಿನಲ್ಲೇ ವಾದ ನಡೆಯಲಿ. ‘ಬ್ಯಾಡ್ರಿ ಸರ್’, ‘ಬೇಕು ಮಿಸ್’ ಎಂದು ಅವರವರ ಮನೆಮಾತು ಬರಲಿ, ಗ್ರಾಂಥಿಕ ಕನ್ನಡಕ್ಕೆ ಈಗಲೇ ಅವಸರ ಬೇಡ. ಓದುವವರು ಯಾರೆಂದೂ ಗೊತ್ತು ಮಾಡಿ. ಮುಖ್ಯೋಪಾಧ್ಯಾಯರನ್ನು ಒಪ್ಪಿಸುವ ಮಾತೇ ಬೇರೆ, ಪಕ್ಕದ ಬೆಂಚಿನವರನ್ನು ಒಪ್ಪಿಸುವ ಮಾತೇ ಬೇರೆ.

ಮುಂದಿನ ಹತ್ತು ನಿಮಿಷ ಒಂದೇ ಒಂದು ವಾಕ್ಯಕ್ಕೆ: ತಾನು ಯಾವ ಕಡೆ ಎಂದು ಹೇಳುವ ನಿಲುವಿನ ವಾಕ್ಯ. ಪೀಠಿಕೆಯಲ್ಲಿ ಇದು ಕೊನೆಗೆ ಬರುತ್ತದೆ, ಬರೆಯುವುದು ಮಾತ್ರ ಮೊದಲು. ಹನ್ನೆರಡು ಪದ ದಾಟಬಾರದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿರುತ್ತದಲ್ಲ; ವಾಕ್ಯ ಉದ್ದವಾದಷ್ಟೂ ‘ಬೇಕು’, ‘ಕೂಡದು’ಗಳು ದೂರ ಸರಿದು, ಬರೆಯುವ ಮಗುವಿಗೇ ಯಾವ ಕಡೆ ನಿಂತಿದ್ದೇನೆಂಬುದು ಮರೆತುಹೋಗುತ್ತದೆ. ‘ಎಂದರೆ ಅತಿಶಯೋಕ್ತಿಯಾಗಲಾರದು’, ‘ಎನ್ನಬಹುದು’ ಎಂಬ ಬಾಲಗಳನ್ನು ಮುಲಾಜಿಲ್ಲದೆ ಕತ್ತರಿಸಿ.

ಇನ್ನು ಮೊದಲ ಸಾಲು. ಗಾದೆಯಿಂದ ಶುರು ಮಾಡುವ ಚಾಳಿ ಗಾದೆ ವಿಸ್ತರಣೆಯಿಂದ ಅಂಟಿದ್ದು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದು ಅಲ್ಲಿಗೆ ಸರಿ, ಇಲ್ಲಿ ವ್ಯರ್ಥ. ಕಣ್ಣಿಗೆ ಕಾಣುವುದನ್ನು ಎಣಿಸಲು ಹೇಳಿ. ತರಗತಿಯಲ್ಲಿ 40 ಮಕ್ಕಳಿದ್ದು, ಪ್ರತಿಯೊಬ್ಬರೂ ತನ್ನನ್ನೂ ಸೇರಿಸಿ ಎಲ್ಲರಿಗೂ ಒಂದೊಂದು ಚಾಕೊಲೇಟ್ ಕೊಟ್ಟರೆ ವರ್ಷಕ್ಕೆ 1,600 ಹೊದಿಕೆಗಳು. ಲೆಕ್ಕವನ್ನು ಮಕ್ಕಳೇ ಮಾಡಲಿ. ಎಲ್ಲಿಂದಲೋ ಕದ್ದ ‘ಕೋಟ್ಯಂತರ ಟನ್’ಗಿಂತ ಇದು ಗಟ್ಟಿ.

ಮೊದಲ ಸಾಲಿಗೂ ನಿಲುವಿಗೂ ನಡುವೆ ಸೇತುವೆಯಾಗಿ ಒಂದೆರಡು ವಾಕ್ಯ ಸಾಕು. ಎದುರಾಳಿಯ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಂಡು ‘ಆದರೆ’ ಎಂದು ತಿರುಗಬೇಕು. ಹೆಚ್ಚಿನ ಮಕ್ಕಳು ಎಡವುವುದು ಇಲ್ಲಿಯೇ: ತಮ್ಮ ಕಾರಣಗಳನ್ನೆಲ್ಲ ಇಲ್ಲೇ ಸುರಿದುಬಿಡುತ್ತಾರೆ, ಪ್ರಬಂಧದ ಒಡಲಿಗೆ ಏನೂ ಉಳಿಯುವುದಿಲ್ಲ. 250 ಪದಗಳ ಪ್ರಬಂಧಕ್ಕೆ 25ರಿಂದ 50 ಪದಗಳ ಪೀಠಿಕೆ ಸಾಕು. ಹೀಗೆ:

‘ನಮ್ಮ ತರಗತಿಯಲ್ಲಿ 40 ಮಕ್ಕಳಿದ್ದೇವೆ. ಎಲ್ಲರೂ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚಿದರೆ ವರ್ಷಕ್ಕೆ 1,600 ಹೊದಿಕೆಗಳು ಕಸವಾಗುತ್ತವೆ. ಖುಷಿ ಹಂಚಿಕೊಳ್ಳಬೇಕು, ನಿಜ. ಆದರೆ ಬಾಳೆಹಣ್ಣು ಕೊಟ್ಟರೂ ಖುಷಿ ಕಡಿಮೆಯಾಗದು. ನಮ್ಮ ಶಾಲೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಚಾಕೊಲೇಟ್ ಹಂಚುವುದು ನಿಲ್ಲಬೇಕು.’

ಬರೆದದ್ದನ್ನು ಎರಡು ರೀತಿ ಒರೆಗೆ ಹಚ್ಚಬಹುದು. ಪಕ್ಕದವರಿಗೆ ಪೀಠಿಕೆಯನ್ನಷ್ಟೇ ತೋರಿಸಿ, ‘ಇವನು ಯಾವ ಕಡೆ?’ ಎಂದು ಕೇಳಿ. ತಡವರಿಸಿದರೆ ನಿಲುವಿನ ವಾಕ್ಯ ಸೋತಿದೆ. ಇನ್ನೊಂದು, ‘ಚಾಕೊಲೇಟ್’ ಇದ್ದಲ್ಲಿ ‘ಮೊಬೈಲ್’ ಹಾಕಿ ಓದಿ. ಆಗಲೂ ಸರಿಹೋಗುವ ವಾಕ್ಯ ಈ ಪ್ರಬಂಧದ್ದಲ್ಲ, ಹೊಡೆದುಹಾಕಿ. ‘ಇಂದಿನ ಆಧುನಿಕ ಯುಗ’ ಬೀಳುವುದು ಇದೇ ಒರೆಯಲ್ಲಿ.

ತಿದ್ದುವಾಗ ಮೊದಲ ಎರಡು ಸಲ ಕೆಂಪು ಶಾಯಿ ನಿಲುವಿನ ವಾಕ್ಯಕ್ಕೆ ಮಾತ್ರ ಇರಲಿ. ಅಲ್ಪಪ್ರಾಣ, ಮಹಾಪ್ರಾಣದ ತಪ್ಪುಗಳಿಗೆಲ್ಲ ಸುತ್ತು ಹಾಕಿದರೆ ಮಗು ಕಾಗುಣಿತವನ್ನಷ್ಟೇ ಸರಿಮಾಡಿ ತರುತ್ತದೆ. ನಂತರದ ಅವಧಿಯಲ್ಲಿ ಅದೇ 1,600 ಎಂಬ ಸಂಖ್ಯೆಯನ್ನು ಎದುರು ಪಕ್ಷದವರಿಗೆ ಕೊಟ್ಟು ನೋಡಿ: ‘ವರ್ಷಕ್ಕೆ 1,600 ಸಿಹಿಗಳನ್ನು ನಾವು ಹಂಚಿಕೊಳ್ಳುತ್ತೇವೆ’ ಎಂದು ಶುರು ಮಾಡುವ ಮಗುವೊಂದು ಸಿಕ್ಕೇ ಸಿಗುತ್ತದೆ.